ಈ ವರ್ಷವೂ ಬಂದ ಅರ್ಜಿ

ಓಹಿಯೋದ ಬಸ್ಸಿನಲ್ಲಿ ಮರ್ಲೀನಳ ಮುಂದೆ ಕಾಲೇಜಿನ ಪ್ರವೇಶದ ಅರ್ಜಿ ನೋಡುವ ಇಬ್ಬರು ಕೂತಿದ್ದರು: ತಲೆ ನರೆತ ವಾರೆನ್, ಹೊಸಬಳು ಟೆಸ್.

"ವಾರೆನ್ ಅವ್ರೇ, ಈ ಹುಡುಗಿ ಹೈಸ್ಕೂಲಲ್ಲಿ ಎಲ್ಲಾ ಕಷ್ಟದ ಆನರ್ಸ್ ಪಾಠಾನೇ ತಗೊಂಡಿದಾಳೆ. ಬೇಡ ಅಂತೀರಲ್ಲ?"

"ಮೊದಲ್ನೇ ಸಲ ಅರ್ಜಿ ಹಾಕ್ದಾಗ ಒಂದೂ ಆನರ್ಸ್ ಇರ್ಲಿಲ್ಲ ಕಣಮ್ಮ. ಸುಲಭದ್ದೇ ಓದಿದಾಳೆ ಅಂತ ನಾನೇ ಬೇಡ ಅಂದೆ. ಆ ಚಳಿಗಾಲದಲ್ಲೇ ತೀರ್ಕೊಂಡ್ಲು."

"ಮತ್ತೆ ಈ ಅರ್ಜಿ?"

"ವರ್ಷವರ್ಷ ಬರುತ್ತೆ. ಪ್ರತಿ ಸಲ ಒಂದು ಆನರ್ಸ್ ಹೆಚ್ಚು."

"ಯಾರದೋ ಕಿತಾಪತಿ ಇರ್ಬೇಕು."

"ಶಾಲೆಗೆ ಫೋನ್ ಮಾಡ್ದೆ. ಅಂಕ ಸರಿಯಾಗೇ ಇದೆ ಅಂದ್ರು. ಆನರ್ಸ್ ಕ್ಲಾಸಲ್ಲಿ ಹಿಂದಿನ ಡೆಸ್ಕಲ್ಲಿ ಬೇರೆ ಯಾರನ್ನೂ ಕೂರಿಸಲ್ವಂತೆ."

ಟೆಸ್ ದನಿ ತಗ್ಗಿತು. "ಪಾಪ, ಈ ಸಲ ಸೀಟು ಕೊಟ್ಬಿಡಿ."

"ಕೊಟ್ರೆ ಬಂದ್ಬಿಡ್ತಾಳಲ್ಲಮ್ಮ!"

ಇಬ್ಬರೂ ಇಳಿದು ಹೋದರು. ಅದೇ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಹೊಸ ಹುಡುಗಿಯರಿಗೆ ಕೋಣೆ ತೆರೆದು ಕೊಡುವ ಮರ್ಲೀನ್ ತನ್ನ ಸ್ಟಾಪು ಬಂದರೂ ಏಳಲಿಲ್ಲ.