ಮಣ್ಣಿನ ಮೇಕೆ ರೊಟ್ಟಿಯಾದ ಪುಟ

‘ಮಾಡಿದ್ದನ್ನು ನೋಡೋ ಮಹಾರಾಯ’ ಎಂದು ಹಿರಿಯರು ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ. ಆದರೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಈ ಸಂಗತಿ ಮಾತ್ರ ಅಪ್ಪಟ ನಿಜ. ಪಕ್ಕದ ಬೆಂಚಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು, ತಮ್ಮ ಅನಿಮೇಷನ್ ಪ್ರಾಜೆಕ್ಟಿನ ಬಗ್ಗೆ ಮಾಡಿದ ಡಿಜಿಟಲ್ ಪುಸ್ತಕವನ್ನು ಮೊಬೈಲಿನಲ್ಲಿ ತಿರುವುತ್ತಿದ್ದರು.

“ಚೈತ್ರಾ, ‘ನಾವು ಕಲಿತಿದ್ದು’ ಪುಟದಾಗೆ ಏನೇ ಹಾಕಿದೀಯ?”

“ಒತ್ತಿ ನೋಡು, ಶಿವಲೀಲಾ.”

“ಅಯ್ಯೋ, ಇದು ನಾನಲ್ಲೇನೇ!”

“ಮತ್ತೆ? ಮಣ್ಣಿನ ಮೇಕೆನ ಫೋಟೊ ಫೋಟೊಕ್ಕೂ ಚೂರು ಸರಿಸಿ ನಡೆಸಾಕೆ ಕೂರಿಸಿದ್ರೆ ನೀನು ನಿದ್ದೆ ಹೊಡೆದೆ. ಮೊಬೈಲು ಮಾತ್ರ ಹತ್ತು ಸೆಕೆಂಡಿಗೊಂದು ಫೋಟೊ ತೆಗೀತಾನೇ ಇತ್ತು. ಎಲ್ಲಾ ಜೋಡಿಸಿ ನಾನೇ ವಿಡಿಯೊ ಮಾಡಿದೆ.”

“ತಲೆ ಹೆಂಗೆ ಇಳೀತೈತೆ ನೋಡು! ಮೇಕೆ ಮೇಲೇ ಮಲಗಿಬಿಟ್ಟೆನಾ?”

“ಮೇಕೆ ರೊಟ್ಟಿ ಆತು.”

“ತೆಗಿಯೇ ಇದನ್ನ! ನಾಳೆ ಮೇಡಂ ಇಡೀ ಕ್ಲಾಸಿಗೆ ತೋರಿಸ್ತಾರೆ, ನನ್ನ ಮಾನ ಹೋಗ್ತೈತೆ.”

“ತೆಗೀತೀನಿ ಮಾರಾಯ್ತಿ. ಮೊದ್ಲು ಪೂರ್ತಿ ನೋಡು. ಎದ್ದಾಗ ನಿನ್ನ ಕೆನ್ನೆಗೆ ಕೊಂಬು ಅಂಟೈತೆ.”

ಶಿವಲೀಲಾ ನೋಡಿದಳು. ಇನ್ನೊಮ್ಮೆ ನೋಡಿದಳು.

“ತೆಗೀಬ್ಯಾಡ. ಇದಕ್ಕೆ ಸೌಂಡೇ ಇಲ್ವಲ್ಲೇ! ರೆಕಾರ್ಡ್ ಒತ್ತು.”

ಸವಳಂಗದ ಬಸ್ಸು ಹತ್ತುತ್ತಲೇ ಅವಳು ಮೊಬೈಲಿಗೆ ಬಾಯಿಟ್ಟು ಗೊರಕೆ ಹೊಡೆದಳು. ಮೂರನೇ ಗೊರಕೆಗೆ ಅವಳದೇ ನಗು ಸಿಡಿದು, ಆ ಸದ್ದಿನಲ್ಲಿ ಕಂಡಕ್ಟರ್ ಊದಿದ ಸೀಟಿ ಡ್ರೈವರಿಗೆ ಕೇಳಿಸಲಿಲ್ಲ.