ಬಿಳಿ ಐದರ ಶ್ರುತಿ

ದೆವ್ವ ಗಿವ್ವ ಅಂದರೆ ನಗುವವನು ನಾನು. ಆದರೆ ಇದು ನಮ್ಮ ಪಕ್ಕದ ಮನೆಯ ಕಲ್ಯಾಣಮ್ಮನವರಿಗೆ ಆದದ್ದು. ಅರ್ಧ ನನ್ನ ಕಣ್ಣೆದುರೇ ಆದದ್ದು. ಬೇಕಾದರೆ ಲೈಟ್ ಹಾಕಿಕೊಳ್ಳಿ… ನಡುವೆ ಮಾತ್ರ ಬಾಯಿ ಹಾಕಬೇಡಿ.

ಬಸವೇಶ್ವರನಗರದ ನಮ್ಮ ವಚನ ಬಳಗದಲ್ಲಿ ಹಾಡುವವರು ಹದಿನಾಲ್ಕು ಜನ. ನಾನು ತಾಳ ಹಾಕುವವನು, ಸಾಮಾನು ಹೊರುವವನು. ಹಾಡಿಸುತ್ತಿದ್ದವರು ಬಸವಲಿಂಗಪ್ಪ ಮೇಷ್ಟ್ರು, ಧಾರವಾಡದ ಕಡೆಯವರು. ಕಲ್ಯಾಣಮ್ಮನವರಿಗೆ ಎಪ್ಪತ್ತೊಂದು. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಅವರು ಬಾಯಿ ಬಿಡುತ್ತಿದ್ದದ್ದು ಗುರುವಾರದ ಅಭ್ಯಾಸದಲ್ಲಿ ಮಾತ್ರ. “ಉಳಿದ ಆರು ದಿನ ಕುಕ್ಕರ್ ಮಾತಾಡುತ್ತೆ, ನಾನು ಕೇಳ್ತೀನಿ” ಅನ್ನೋರು.

ವಯಸ್ಸಾದಂತೆ ಅವರ ದನಿ ಇಳಿಯಿತು. ಮೇಷ್ಟ್ರು ಯಾರಿಗೂ ಹೇಳದೆ ಇಡೀ ಬಳಗದ ಶ್ರುತಿಯನ್ನೇ ಇಳಿಸುತ್ತಾ ಬಂದರು. ಹಾರ್ಮೋನಿಯಂನ ಕರಿ ಐದನೇ ಮನೆಯಲ್ಲಿ ಹಾಡುತ್ತಿದ್ದವರು, ಹತ್ತು ವರ್ಷದಲ್ಲಿ ತಗ್ಗಿನ ಬಿಳಿ ಐದಕ್ಕೆ ಬಂದಿದ್ದೆವು. ಕಲ್ಯಾಣಮ್ಮ ಮೇಲಕ್ಕೆ ಹೋಗಲು ಒದ್ದಾಡಿದರೆ ಮೇಷ್ಟ್ರದು ಒಂದೇ ಮಾತು: “ಏರಬ್ಯಾಡ್ರಿ ತಾಯಿ. ಶ್ರುತಿ ತಾನ ಇಳಿದು ಬರ್ತದ.”

ಶ್ರಾವಣದಲ್ಲಿ ಮೇಷ್ಟ್ರು ಲಿಂಗೈಕ್ಯರಾದರು. ಅವರ ನೆನಪಿನ ಕಾರ್ಯಕ್ರಮಕ್ಕೆ ಹಾಡಿಸುವ ಹೊಣೆ ರಾಗಿಣಿಗೆ ಬಂತು. ಒಳ್ಳೆ ಹುಡುಗಿ, ಒಳ್ಳೆ ಗಂಟಲು, ಸ್ವಲ್ಪ ಅವಸರ. ಶ್ರುತಿ ಮತ್ತೆ ಕರಿ ಐದಕ್ಕೆ ಏರಿತು. ಕೊನೆಯ ಅಭ್ಯಾಸದಲ್ಲಿ ಕಲ್ಯಾಣಮ್ಮನವರ ದನಿ ಒಡೆಯಿತು.

“ಆಂಟಿ, ನೀವು ಸುಮ್ನೆ ತುಟಿ ಆಡ್ಸಿ ಸಾಕು. ಬೇಜಾರ್ ಮಾಡ್ಕೋಬೇಡಿ” ಅಂದಳು ರಾಗಿಣಿ.

ಅವರು ತಲೆಯಾಡಿಸಿದರು. ನಾನೂ ಅಲ್ಲೇ ಇದ್ದೆ, ತುಟಿ ಬಿಚ್ಚಲಿಲ್ಲ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಂದು ರಾತ್ರಿ ಒಂಬತ್ತೂವರೆ. ಕಲ್ಯಾಣಮ್ಮ ಒಬ್ಬರೇ ಮನೆಗೆ ಹೊರಟರಂತೆ. ಪಾರ್ಕಿನ ಮೂಲೆಯಲ್ಲಿ ಹಳೆಯ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕ ಬಂದಾಗ… ಸುಸ್… ಹುಸ್… ಹಾರ್ಮೋನಿಯಂನ ತಿದಿ ಒತ್ತುವ ಸದ್ದು. ನಡುನಡುವೆ ತಿದಿಯ ಕೀಲು ಕಿರ್ರ್ ಅನ್ನುತ್ತಿತ್ತು. ಎಣ್ಣೆ ಬಿಡಿ ಮೇಷ್ಟ್ರೇ ಅಂತ ನಾವು ಎಷ್ಟು ಸಲ ಹೇಳಿದ್ದೆವೋ, ಅದೇ ಕಿರ್ರ್. ಆಮೇಲೆ ಒಂದೇ ಸ್ವರ… ಬಾವಿಯೊಳಗಿಂದ… ಬಿಳಿ ಐದು.

ಕಲ್ಯಾಣಮ್ಮ ಜಾಲರಿಯ ಮೇಲೆ ಬಗ್ಗಿದರಂತೆ.

“ಮೇಷ್ಟ್ರೇ…?”

ಸ್ವರ ನಿಲ್ಲಲಿಲ್ಲ. ಕಿವಿಯ ಹತ್ತಿರವೇ ಪಿಸುದನಿ.

“ಏರಬ್ಯಾಡ್ರಿ ತಾಯಿ…”

ಆ ಜಾಲರಿ ಹಿಡಿದುಕೊಂಡು, ದನಿ ಒಡೆದಿದ್ದ ಅದೇ ವಚನವನ್ನು ಪೂರ್ತಿ ಹಾಡಿದರಂತೆ. ಕೇಳಲು ಒಂದು ಬೀದಿನಾಯಿ ಬಿಟ್ಟರೆ ಯಾರೂ ಇರಲಿಲ್ಲವಂತೆ.

ಮಾರನೇ ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ಇದನ್ನೆಲ್ಲ ಹೇಳಿದರು. “ಪಾರ್ಕಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅಂದಿರುತ್ತೆ ಬಿಡಿ ಆಂಟಿ” ಅಂದೆ.

“ಟ್ರಾನ್ಸ್‌ಫಾರ್ಮರ್ ನನ್ನನ್ನ ತಾಯಿ ಅಂತ ಕರೆಯುತ್ತೇನೋ ರುದ್ರೇಶ?”



ಭಾನುವಾರ ಕಾರ್ಯಕ್ರಮ. ವೇದಿಕೆಯ ಮೇಲೆ ಮೇಷ್ಟ್ರ ಫೋಟೋ, ಅದರ ಮುಂದೆ ಮುಚ್ಚಿದ ಅವರದೇ ಹಾರ್ಮೋನಿಯಂ, ಮೇಲೊಂದು ಹಾರ. ಶ್ರುತಿಗೆ ಕರೆಂಟಿನ ಶ್ರುತಿಪೆಟ್ಟಿಗೆ ಸಾಕು ಅಂದಿದ್ದಳು ರಾಗಿಣಿ. ಅದನ್ನು ಪರದೆಯ ಹಿಂದೆ ಇಡುವುದು ನಮ್ಮ ರೂಢಿ. ಹಾಲ್ ನಿಶ್ಶಬ್ದವಾಯಿತು. ಶ್ರುತಿ ಶುರುವಾಯಿತು… ತಗ್ಗಿನಲ್ಲಿ. ಬಿಳಿ ಐದು.

ರಾಗಿಣಿ ನನ್ನನ್ನು ಕಣ್ಣಲ್ಲೇ ಸುಟ್ಟಳು. ನಾನು ಅವಳನ್ನು ಪಿಳಿಪಿಳಿ ನೋಡಿದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕಲ್ಯಾಣಮ್ಮ ಹಾಡು ಎತ್ತಿಕೊಂಡೇ ಬಿಟ್ಟಿದ್ದರು. ತುಂಬಿದ ದನಿ, ಎಲ್ಲೂ ಒಡೆಯಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಂಡರು, ಕೊನೆಗೆ ರಾಗಿಣಿಯೂ. ನನಗೆ ಅಳು ಬಂದು ಎರಡು ಸಲ ತಾಳ ತಪ್ಪಿತು.

ಮುಗಿದ ಮೇಲೆ ಅವಳು ನೇರ ನನ್ನ ಹತ್ತಿರ ಬಂದಳು. “ಶ್ರುತಿ ಯಾಕಣ್ಣ ಇಳಿಸಿದ್ರಿ?”

“ನಾನೆಲ್ಲಿ ಇಳಿಸ್ದೆ? ಮೈಕ್ ಸರಿ ಮಾಡ್ತಾ ಇದ್ದೆ. ಪೆಟ್ಟಿಗೆ ತೆಗೆದು ಆನ್ ಮಾಡಿದ್ದು ನೀನಲ್ವಾ?”

“ನಾನು ಮುಟ್ಟೇ ಇಲ್ಲ… ನೀವೇ ಅನ್ಕೊಂಡೆ.”

ಇಬ್ಬರೂ ಪರದೆಯ ಹಿಂದೆ ಹೋದೆವು. ಅಲ್ಲಿ ಏನೂ ಇರಲಿಲ್ಲ. ಹೊರಗೆ ನೋಡಿದರೆ, ಕಲ್ಯಾಣಮ್ಮ ಊಟಕ್ಕೂ ನಿಲ್ಲದೆ ಒಬ್ಬರೇ ಪಾರ್ಕಿನ ದಾರಿ ಹಿಡಿದಿದ್ದರು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆಮೇಲೆ ಸಾಮಾನಿನ ಚೀಲ ಬಿಚ್ಚಿದವನು ನಾನೇ. ಶ್ರುತಿಪೆಟ್ಟಿಗೆ ಅದರೊಳಗೇ ಇತ್ತು… ಗುರುವಾರ ಅಭ್ಯಾಸ ಮುಗಿಸಿ ನಾನು ಅದರ ವೈರ್‌ಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಇನ್ನೂ ಹಾಗೇ ಇತ್ತು.