ಆ ತುದಿಯ ಟ್ರಾನ್ಸೀವರ್

ದೀಪ ಆರಿಸಬೇಡಿ, ಇರಲಿ. ಇದು ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು.

ಅವನಿಗೆ ಡೇಟಾ ಸೆಂಟರ್‌ನಲ್ಲಿ ರಾತ್ರಿ ಪಾಳಿ. ಮುಂದೊಂದು ಹಿಂದೊಂದು ಎರಡು ಕಟ್ಟಡ, ನಡುವೆ ಜಾಲರಿ ಮುಚ್ಚಿದ ಹಾಳುಬಾವಿ. ಆ ರಾತ್ರಿ ಎರಡು ಗಂಟೆಗೆ ಬಾವಿ ದಾಟಿ ಮುಂದಿನ ಕಟ್ಟಡಕ್ಕೆ ಬಂದ... ಒಬ್ಬನೇ.

ಮೊದಲು ಇಬ್ಬರಿದ್ದರು. ಕರೆಂಟನ್ನು ಬೆಳಕು ಮಾಡಿ ಕೇಬಲ್ಲಿಗೆ ಬಿಡುವ ಹೆಬ್ಬೆರಳು ಗಾತ್ರದ ಟ್ರಾನ್ಸೀವರ್‌ಗಳನ್ನು ಕಿತ್ತು, ಕಡಿಮೆ ಕರೆಂಟು ಕುಡಿಯುವ ಹೊಸದನ್ನು ಹಾಕುವ ಕೆಲಸ. ಎರಡೂ ತುದಿಗೆ ಜೋಡಿಯಾಗಿ ಹಾಕಬೇಕು. ಹಿಂದಿನ ಕಟ್ಟಡದ ತುದಿ ಹಿರಿಯ ಟೆಕ್ನಿಷಿಯನ್‌ದು. ಬಿಚ್ಚಿದ ಕೇಬಲ್ಲಿನ ಮೂತಿಗೆ ರಬ್ಬರ್ ಮುಚ್ಚಳ ಹಾಕದಿದ್ದರೆ ಊಟ ಸೇರದ ಮನುಷ್ಯ. ಎಲ್ಲರಿಗೂ ಮುಚ್ಚಳದ ಮಾವ. "ನಿನ್ನ ಕಡೆ ನೀನು ನೋಡ್ಕೋ, ಈ ಕಡೆ ನಾನಿದ್ದೀನಿ" ಅನ್ನೋರು. ಹಿಂದಿನ ವಾರ ಬಾವಿ ಪಕ್ಕದಲ್ಲೇ ಎದೆ ಹಿಡಿದು ಕುಸಿದರು... ಏಳಲಿಲ್ಲ.

ಯಾವುದು ಬದಲಾಗಿದೆ ಅಂತ ಇಬ್ಬರೂ ಬೆರಳಲ್ಲೇ ನೋಡುತ್ತಿದ್ದರು. ಸುಟ್ಟರೆ ಹಳೆಯದು, ತಣ್ಣಗಿದ್ದರೆ ಹೊಸದು. ಊರಿನ ಆಂಬುಲೆನ್ಸ್ ಕರೆಗಳು ಇಲ್ಲಿಂದಲೇ ಹೋಗಬೇಕು, ಅದಕ್ಕೆ ಎರಡು ಲೈನು, ಒಂದನ್ನು ಕಿತ್ತರೆ ಇನ್ನೊಂದು ನಡೆಸಬೇಕು. ಒಂದು ತಣ್ಣಗಿತ್ತು. ಇದು ಮುಗಿದಿದೆ ಅಂದುಕೊಂಡು ಬಿಸಿಯಿದ್ದದ್ದನ್ನು ಕಿತ್ತ. ಟಕ್.

ಪರದೆಯಲ್ಲಿ ಎರಡೂ ಕೆಂಪು.

ತಣ್ಣಗಿದ್ದದ್ದು ಹೊಸದೇ. ಆದರೆ ಅದರ ಜೋಡಿಯನ್ನು ಆ ತುದಿಗೆ ಹಾಕಲು ಹೊರಟಾಗಲೇ ಮಾವ ಬಿದ್ದದ್ದು, ಆ ಲೈನು ವಾರದಿಂದ ಸತ್ತೇ ಇತ್ತು. ಕಿತ್ತದ್ದನ್ನು ವಾಪಸ್ ತುರುಕಿದ. ಎಳೆದ ರಭಸಕ್ಕೆ ಮುರಿದಿತ್ತು, ಹತ್ತಲಿಲ್ಲ.

ಅಷ್ಟರಲ್ಲಿ ಫೋನು. ತುಂಬು ಗರ್ಭಿಣಿ ಹೆಂಡತಿ, ಮನೆಯಲ್ಲಿ ಒಬ್ಬಳೇ.

"ರೀ... ರಕ್ತ ಹೋಗ್ತಿದೆ. ಆಂಬುಲೆನ್ಸ್‌ಗೆ ಮಾಡಿದ್ರೆ ರಿಂಗೇ ಆಗ್ತಿಲ್ಲ."

"ಮಾಡ್ತಾನೇ ಇರು..."

ಆ ಲೈನು ಕಿತ್ತದ್ದು ಇವನೇ. ಹೊಸ ಟ್ರಾನ್ಸೀವರ್ ಜೇಬಿಗಿಳಿಸಿ ಹಿಂದಿನ ಕಟ್ಟಡಕ್ಕೆ ಬಿದ್ದೆನೋ ಎದ್ದೆನೋ ಅಂತ ಓಡಿದ. ಬಾವಿ ಹತ್ತಿರ ಬಿದ್ದೇಬಿಟ್ಟ. ಮೊಣಕಾಲು ಕಲ್ಲಿಗೆ ಬಡಿಯಿತು. ಎದ್ದರೆ ಮತ್ತೆ ಬೀಳುತ್ತಿದ್ದ. ಮಗು ಹೋಯಿತು, ಅವಳೂ ಹೋದಳು ಅಂತ ಮಣ್ಣಿಗೆ ಹಣೆ ಇಟ್ಟು ಅತ್ತ.

"ಮಾವ... ನನ್ನ ಕೈಲಾಗ್ತಿಲ್ಲ" ಅಂತ ಪಿಸುಗುಟ್ಟಿದ.

ಜಾಲರಿ ಕಿರ್ ಅಂದಿತು. ಚಪ್ಪಲಿ ಎಳೆದ ಸದ್ದು... ಸರ್... ಸರ್... ಅವನನ್ನು ದಾಟಿ ಹಿಂದಿನ ಕಟ್ಟಡದ ಕಡೆ ಹೋಯಿತು.

"ಈ ಕಡೆ ನಾನಿದ್ದೀನಿ."

ಆಮೇಲೆ ಬೀಗ ಹಾಕಿದ ಬಾಗಿಲಾಚೆ... ಟಿಕ್. ಟ್ರಾನ್ಸೀವರ್ ಕೂತ ಸದ್ದು.

ಫೋನು ನಡುಗಿತು. "ರೀ, ಸಿಕ್ತು. ಬರ್ತಿದ್ದಾರೆ."

ಕುಂಟುತ್ತ ಹೋಗಿ ಬೀಗ ತೆಗೆದ. ಆ ತುದಿಯ ಕೇಬಲ್ ನೇತಾಡುತ್ತಿತ್ತು, ಮೂತಿಗೆ ರಬ್ಬರ್ ಮುಚ್ಚಳ. ಟ್ರಾನ್ಸೀವರ್ ಕೂರುವ ಕಂಡಿ ಖಾಲಿ. ಹೊಸದು ಇವನ ಜೇಬಲ್ಲೇ ಇತ್ತು. ಪರದೆಯಲ್ಲಿ ಮಾತ್ರ ಲೈನು ಹಸಿರು.

ಸುಳ್ಳು ಅನ್ನುವವರು ಅನ್ನಲಿ. ತಾಯಿ ಮಗಳು ಇಬ್ಬರೂ ಉಳಿದರು, ಮಗಳಿಗೆ ಈಗ ಆರು ವರ್ಷ. ಆ ಕೇಬಲ್ ಮುಟ್ಟುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ, ಲೈನು ಒಂದು ದಿನವೂ ನಿಂತಿಲ್ಲ. ನಾನೇ ಹೋಗಿ ಆ ಖಾಲಿ ಕಂಡಿಗೆ ಬೆರಳಿಟ್ಟು ನೋಡಿದ್ದೇನೆ...

ಬೆಚ್ಚಗಿದೆ.